ಅಂಕ ಎರಡು ಸಲ ಹಾಕಬೇಕು

ಕುಂದಾಪುರದ ಕಡೆ ನಮ್ಮದು ಸಣ್ಣ ಹೆರಿಗೆ ಆಸ್ಪತ್ರೆ. ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಬೇಕೆಂದರೆ ಮಣಿಪಾಲಕ್ಕೆ ಓಡುತ್ತೇವೆ. ಮಗುವಿಗೆ ತೊಂದರೆ ಆಗಬಹುದಾ ಅಂತ ಮೊದಲೇ ಅಂಕ ಹಾಕಿ ಹೇಳುತ್ತೇನೆ ಅಂದಾಗ ನಮ್ಮ ಡಾಕ್ಟರಮ್ಮ ನಕ್ಕರು. "ಎಂತ ಸಿಸ್ಟರ್, ಜ್ಯೋತಿಷ್ಯ ಶುರು ಮಾಡಿದ್ರಾ?" 1952ರಿಂದ ಹುಟ್ಟಿದ ಮೇಲೆ ಅಪ್ಗಾರ್ (ಮಗುವಿನ ಉಸಿರು, ಎದೆಬಡಿತ, ಬಣ್ಣ ಎಲ್ಲ ನೋಡಿ ಹತ್ತಕ್ಕೆ ಕೊಡುವ ಅಂಕ) ಹಾಕುತ್ತಿದ್ದೇವೆ, ಹುಟ್ಟುವ ಮುಂಚೆ ಹಾಕಿದರೆ ತಪ್ಪೇನು ಅಂದೆ.

ಮೊದಲ ಹಾಳೆಯಲ್ಲಿ ಮೂವತ್ತಕ್ಕೂ ಜಾಸ್ತಿ ಪ್ರಶ್ನೆ. ಪ್ರಿಂಟಿಗೆ ಕೈಯಿಂದ ಸುಮಾರು 2,000 ರೂಪಾಯಿ ಹೋಯಿತು. ನೈಟ್ ಡ್ಯೂಟಿಯವರು ಯಾರೂ ತುಂಬಲಿಲ್ಲ. ಉಳಿದ ಹಾಳೆ ನನ್ನ ಮಗನ ರಫ್ ಲೆಕ್ಕಕ್ಕೆ ಆಯಿತು.

ಆಮೇಲೆ ಒಂಬತ್ತೇ ಪ್ರಶ್ನೆ, ಎಲ್ಲವೂ ತಾಯಿ ಕಾರ್ಡಿನಲ್ಲೇ ಇರುವಂಥವು. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ 3. ಬಿಪಿ 140/90 ಮುಟ್ಟಿದರೆ 3. ಶುಗರ್, ಅವಳಿ, ಹಿಂದಿನ ಸಿಸೇರಿಯನ್‌ಗೆ 2. ಒಟ್ಟು 5 ದಾಟಿದರೆ ಸುಮ್ನೆ ರೆಫರ್ ಮಾಡಿಬಿಡುತ್ತಿದ್ದೆ. ಹೀಗೆ ಹತ್ತು ಹನ್ನೊಂದು ಜನ ಹೋದರು, ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಅತ್ತವು. ಒಬ್ಬರು ಯಜಮಾನರು ವಾಪಸ್ ಬಂದು ನಿಂತರು: "ಗಾಡಿಗೆ ಎರಡೂವರೆ ಸಾವಿರ ಕೊಟ್ಟೆ ಮಾರಾಯ್ರೇ, ಮಗು ಮೂರು ಕೆ.ಜಿ. ಉಂಟು!"

ಅದೇ ತಿಂಗಳು ಅಂಕ ಸೊನ್ನೆ ಇದ್ದ ಎರಡನೇ ಹೆರಿಗೆಯವರಿಗೆ ಕೊನೆಯಲ್ಲಿ ನೀರು ಹಸಿರಾಗಿ ಬಂತು, ಮಗು ಒಳಗೇ ಮಲ ಮಾಡಿತ್ತು. ಮಗು ಅಳಲಿಲ್ಲ. ಒಂದನೇ ನಿಮಿಷಕ್ಕೆ ಅಪ್ಗಾರ್ 3. ಉಸಿರು ಕೊಡುವ ಬ್ಯಾಗ್ ಮಾಸ್ಕ್ ಹುಡುಕುವಾಗ ನನ್ನ ಕೈ ನಡುಗಿದ್ದು ಇನ್ನೂ ನೆನಪಿದೆ. ಐದನೇ ನಿಮಿಷಕ್ಕೆ 7 ಆಯಿತು, ಪುಣ್ಯ.

ನೋವು ಶುರುವಾದ ಮೇಲಿನದಕ್ಕೆ ನಾನು ಅಂಕವೇ ಇಟ್ಟಿರಲಿಲ್ಲ ಅಲ್ವಾ? ಈಗ ಎರಡನೇ ಲೆಕ್ಕ ಬೇರೆ ಉಂಟು. ಅಡ್ಮಿಟ್ ಆದಾಗ ಒಮ್ಮೆ, ಆಮೇಲೆ ಪಾರ್ಟೋಗ್ರಾಫ್ (ಹೆರಿಗೆ ಹೇಗೆ ಮುಂದುವರಿಯುತ್ತಿದೆ ಅಂತ ಗುರುತು ಹಾಕುವ ಚಾರ್ಟ್) ಜೊತೆ ನಾಲ್ಕು ಗಂಟೆಗೊಮ್ಮೆ. ನೀರಿನ ಬಣ್ಣ, ನೀರು ಒಡೆದು 18 ಗಂಟೆ ದಾಟಿತಾ, ಜ್ವರ, ಮಗುವಿನ ಎದೆಬಡಿತ 110ಕ್ಕಿಂತ ಕೆಳಗೆ ಅಥವಾ 160ಕ್ಕಿಂತ ಮೇಲೆ. ಅಂಕ ಏರಿದರೆ ಎಲ್ಲರನ್ನೂ ಗಾಡಿ ಹತ್ತಿಸುವುದಿಲ್ಲ. ಮಗುವನ್ನು ಬೆಚ್ಚಗಿಡುವ ವಾರ್ಮರ್ ಬಿಸಿ ಮಾಡಿ, ಬ್ಯಾಗ್ ಮಾಸ್ಕ್ ಒತ್ತಿ ನೋಡಿ, ಮಕ್ಕಳ ಡಾಕ್ಟರಿಗೆ ಮೊದಲೇ ಫೋನ್.

ಕಳೆದ ವರ್ಷ ಬ್ಯಾಗ್ ಮಾಸ್ಕ್ ಬೇಕಾದದ್ದು ಹದಿನಾರು ಹದಿನೇಳು ಮಕ್ಕಳಿಗೆ. ಅದರಲ್ಲಿ ಹದಿಮೂರು ನನ್ನ ಪಟ್ಟಿಯಲ್ಲಿ ಮೊದಲೇ ಇದ್ದವು. ಸುಳ್ಳು ಎಚ್ಚರಿಕೆ ಇದರ ದುಪ್ಪಟ್ಟು, ಇರಲಿ. ಈಗ ರೌಂಡ್ಸಲ್ಲಿ "ಅಂಕ ಎಷ್ಟು?" ಅಂತ ಡಾಕ್ಟರಮ್ಮನೇ ಕೇಳುತ್ತಾರೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಮಗು ಒದ್ದಾಗೆಲ್ಲ ಡಬ್ಬಿಗೆ ಒಂದು ಹುಣಸೆ ಬೀಜ ಹಾಕಿ, 12 ಗಂಟೆಯಲ್ಲಿ 10 ಆಗದಿದ್ದರೆ ಬನ್ನಿ ಅಂದೆ. ಹೆಚ್ಚಿನವರು ಎರಡು ದಿನಕ್ಕೇ ಬಿಟ್ಟರು. ಗಂಗೊಳ್ಳಿಯ ಒಬ್ಬರು ಮಾತ್ರ ರಾತ್ರಿ ಆರೇ ಬೀಜದ ಡಬ್ಬಿ ಹಿಡಿದು ಬಂದರು. ಆ ರಾತ್ರಿಯೇ ಸಿಸೇರಿಯನ್ ಆಯಿತು, ಎರಡು ಕೆ.ಜಿ.ಯ ಹುಡುಗಿ.

ಅಡ್ಮಿಷನ್ ಹೊತ್ತಿಗೆ ಜೊತೆಗೆ ಬಂದ ಅತ್ತೆಗೂ ಒಂದು ಪ್ರಶ್ನೆ ಕೇಳುತ್ತೇನೆ. ಅದಕ್ಕೂ ಅಂಕ ಉಂಟು. ಯಾವ ಪ್ರಶ್ನೆ ಅಂತ ಈಗ ಹೇಳುವುದಿಲ್ಲ, ಇನ್ನೊಂದು ನೂರು ಹೆರಿಗೆ ನೋಡಬೇಕು.