ಮಳೆಗಾಲದ ಕರೆಂಟು ಕಡಿತ ಮತ್ತು ನಮ್ಮ ಮನೆಯ ಏರ್ಪಾಡು: ನನ್ನ ಅನುಭವ

ಹೊಸನಗರ ತಾಲ್ಲೂಕಿನ ನಮ್ಮ ಊರಿಗೆ ಬರುವ 11 ಕಿಲೋವೋಲ್ಟ್ ಲೈನು ಬಹುಪಾಲು ಕಾಡಿನೊಳಗೇ ಹಾದುಬರುತ್ತದೆ. ಜೂನ್ ಕೊನೆಗೆ ಆರಿದ್ರೆ ಮಳೆ ಹಿಡಿಯಿತೆಂದರೆ ಎಲ್ಲಾದರೂ ಒಂದು ಮರ ತಂತಿಯ ಮೇಲೆ ಒರಗುತ್ತದೆ; ಒರಗಿದ ಜಾಗವನ್ನು ಹುಡುಕುವುದಕ್ಕೇ ಲೈನ್‌ಮನ್‌ಗಳಿಗೆ ಅರ್ಧ ದಿನ ಹಿಡಿಯುತ್ತದೆ. ವಾರಾಹಿ ವಿದ್ಯುದಾಗಾರಕ್ಕೆ ನೀರು ಕೊಡುವ ಮಾಣಿ ಜಲಾಶಯ ಇದೇ ತಾಲ್ಲೂಕಿನಲ್ಲಿದೆ ಎಂದು ನೆಂಟರು ಕೆಣಕುವುದುಂಟು, ಅದಿರಲಿ. ಒಂದೆರಡು ದಿನ ಕತ್ತಲೆಯಲ್ಲಿರುವುದು ನಮಗೆ ರೂಢಿಯಾಗಿದೆ. ನನ್ನನ್ನು ಕಳವಳಕ್ಕೀಡುಮಾಡುವುದು ಕತ್ತಲೆಗಿಂತ ಹೆಚ್ಚಾಗಿ, ಕರೆಂಟು ಹೋಗಿದೆ ಎಂದಮೇಲೆ ತಂತಿಯಲ್ಲಿ ಏನೂ ಇರುವುದಿಲ್ಲ ಎಂದು ಜನ ಇಟ್ಟುಕೊಳ್ಳುವ ನಂಬಿಕೆ. ಮನೆಯ ಏರ್ಪಾಡನ್ನೆಲ್ಲ ನಾನು ಈ ನಂಬಿಕೆಗೆ ವಿರುದ್ಧವಾಗಿಯೇ ಮಾಡಿಕೊಂಡಿದ್ದೇನೆ.

ಮೊದಲು ಬೆಳಕಿನ ಲೆಕ್ಕ. ಇನ್ವರ್ಟರ್ ಕೊಳ್ಳುವಾಗ ಅಂಗಡಿಯವರು ಎಷ್ಟು ಗಂಟೆ ಬರುತ್ತದೆ ಎಂದು ಹೇಳುತ್ತಾರೆಯೇ ಹೊರತು ಯಾವ ಹೊರೆಗೆ ಎಂದು ಬಿಡಿಸಿ ಹೇಳುವುದಿಲ್ಲ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್-ಅವರ್ ಇರುತ್ತದೆ. ಇನ್ವರ್ಟರಿನಲ್ಲಿ ಆಗುವ ನಷ್ಟವನ್ನು ಕಳೆದು, ಸೀಸ-ಆಮ್ಲದ ಬ್ಯಾಟರಿಯನ್ನು ಪೂರ್ತಿ ಬರಿದುಮಾಡಿದರೆ ಅದರ ಆಯುಷ್ಯ ಕುಗ್ಗುತ್ತದೆ ಎಂಬುದನ್ನೂ ಸೇರಿಸಿಕೊಂಡು, ನಾನು ಅದರಲ್ಲಿ ಅರ್ಧವನ್ನು, ಎಂದರೆ 900 ವ್ಯಾಟ್-ಅವರ್ ಅನ್ನು ಮಾತ್ರ ನನ್ನದೆಂದು ಎಣಿಸುತ್ತೇನೆ. 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು ಮತ್ತು ಸುಮಾರು 10 ವ್ಯಾಟಿನ ರೌಟರ್ ಸೇರಿದರೆ 46 ವ್ಯಾಟ್ ಆಗುತ್ತದೆ. ಸಂಜೆ ಆರು ಗಂಟೆ ಹೊತ್ತು ಉರಿಸಿದರೆ ಮೂರು ಸಂಜೆಗೆ ಸಾಲುತ್ತದೆ. ಇದಕ್ಕೆ 75 ವ್ಯಾಟಿನ ಹಳೆಯ ಫ್ಯಾನೊಂದನ್ನು ಸೇರಿಸಿದರೆ ಒಟ್ಟು ಏಳೂವರೆ ಗಂಟೆಯೊಳಗೆ ಮುಗಿಯಿತು. ಮಲೆನಾಡಿನ ಮಳೆಗಾಲದಲ್ಲಿ ಫ್ಯಾನು ಬೇಕಿಲ್ಲ, ಆದ್ದರಿಂದ ಅದರ ವೈರನ್ನು ಇನ್ವರ್ಟರ್ ಲೈನಿನಿಂದಲೇ ತೆಗೆಸಿದ್ದೇನೆ. ಹೊರೆ ಏನೂ ಇಲ್ಲದಾಗಲೂ ಇನ್ವರ್ಟರ್ ತನಗೆಂದು ಸ್ವಲ್ಪ ವಿದ್ಯುತ್ತನ್ನು ಬಳಸುತ್ತಲೇ ಇರುವುದರಿಂದ, ಎಲ್ಲರೂ ಮಲಗಿದ ಮೇಲೆ ಅದನ್ನೇ ಆರಿಸಿಬಿಡುತ್ತೇವೆ. ರಾತ್ರಿ ಏಳುವವರ ತಲೆದೆಸೆಯಲ್ಲಿ ಒಂದೊಂದು ಟಾರ್ಚು ಇರುತ್ತದೆ.

ಬ್ಯಾಟರಿಯನ್ನು ಜಗುಲಿಯ ಮೂಲೆಯಲ್ಲಿ ಗಾಳಿಯಾಡುವ ಕಡೆ ಇಟ್ಟಿದ್ದೇನೆ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಅನಿಲ ಹೊರಬರುತ್ತದೆ, ಅದಕ್ಕೆ ಕಿಡಿ ತಗಲಿದರೆ ಸ್ಫೋಟವಾಗಬಹುದು. ಹೀಗಾಗಿ ದೀಪ, ಊದುಬತ್ತಿ ಅದರ ಹತ್ತಿರ ಸುಳಿಯುವಂತಿಲ್ಲ. ಮಳೆ ಹಿಡಿಯುವ ಮೊದಲು, ಕನ್ನಡಕ ಹಾಕಿಕೊಂಡು ಡಿಸ್ಟಿಲ್ಡ್ ನೀರನ್ನು ಗುರುತಿನವರೆಗೆ ತುಂಬಿ, ಟರ್ಮಿನಲ್‌ಗಳ ಮೇಲಿನ ಹಸಿರು ಕಿಲುಬನ್ನು ಒರೆಸಿ ವ್ಯಾಸಲೀನ್ ಹಚ್ಚುತ್ತೇನೆ. ಇದಿಷ್ಟನ್ನು ಮಾಡುವ ಮನೆಗಳು ನಮ್ಮ ಕೇರಿಯಲ್ಲಿ ಕಡಿಮೆ, ಬ್ಯಾಟರಿ ಬೇಗ ಹಾಳಾಯಿತೆಂದು ಬೈಯುವ ಮನೆಗಳು ಹೆಚ್ಚು.

ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಸ್ವಿಚ್ ಆರಿಸಿದ ಮಾತ್ರಕ್ಕೆ ಸ್ವಿಚ್‌ಬೋರ್ಡು ಮುಟ್ಟಲು ಯೋಗ್ಯವಾಗುವುದಿಲ್ಲ. ಮೇನ್ ಆರಿದೊಡನೆ ಇನ್ವರ್ಟರ್ ಅದನ್ನು ಕರೆಂಟು ಕಡಿತವೆಂದೇ ತಿಳಿದು ತನ್ನ ಲೈನಿಗೆ 230 ವೋಲ್ಟ್ ಕೊಡಲು ಶುರುಮಾಡುತ್ತದೆ. ಹೊರಗಿನ ಕಂಬದಲ್ಲಿ ಏನೂ ಇಲ್ಲದ ರಾತ್ರಿಯಲ್ಲೂ ಆ ಬೋರ್ಡುಗಳು ಜೀವಂತವಾಗಿರುತ್ತವೆ. ಆದ್ದರಿಂದ ಇನ್ವರ್ಟರ್ ಲೈನು ಬಂದಿರುವ ಪ್ರತಿ ಬೋರ್ಡಿನ ಮೇಲೂ ಕೆಂಪು ಬಣ್ಣದ ಚುಕ್ಕಿ ಹಾಕಿಸಿದ್ದೇನೆ; ಚುಕ್ಕಿ ಇದ್ದರೆ ಮೇನ್ ಮತ್ತು ಇನ್ವರ್ಟರ್ ಎರಡನ್ನೂ ಆರಿಸಿ, ಟೆಸ್ಟರ್ ಹಿಡಿದು ನೋಡಿದ ಮೇಲೆಯೇ ಸ್ಕ್ರೂಡ್ರೈವರ್ ಹಾಕಬೇಕೆಂಬುದು ಮನೆಯವರಿಗೆಲ್ಲ ಗೊತ್ತಿದೆ. ಗೋಡೆಗಳು ತೇವ ಹೀರುವ ಮನೆಯಾದ್ದರಿಂದ ಕರೆಂಟು ಸೋರಿದರೆ ತಾನಾಗಿಯೇ ಕಡಿದುಕೊಳ್ಳುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ಚನ್ನೂ ಹಾಕಿಸಿದ್ದು, ಅದರ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡುತ್ತೇನೆ.

ಇನ್ನು ಕರೆಂಟು ತಿರುಗಿ ಬರುವ ಹೊತ್ತು. ಮರ ಬಿದ್ದಾಗ ತುಂಡಾಗುವುದು ಕರೆಂಟು ತರುವ ಫೇಸ್ ತಂತಿಯೇ ಆಗಬೇಕೆಂದಿಲ್ಲ. ಟಿಸಿಯಿಂದ, ಎಂದರೆ ಊರಿನ ಟ್ರಾನ್ಸ್‌ಫಾರ್ಮರಿನಿಂದ ಬರುವ, ಕರೆಂಟು ಹಿಂದಿರುಗುವ ನ್ಯೂಟ್ರಲ್ ತಂತಿ ತುಂಡಾದರೆ ಅಥವಾ ಅದರ ಜೋಡಣೆ ಸಡಿಲವಾದರೆ, ಬೇರೆ ಬೇರೆ ಫೇಸುಗಳ ಮೇಲಿರುವ ಮನೆಗಳು ಒಂದಕ್ಕೊಂದು ಸರಪಳಿಯಂತೆ ಸೇರಿಕೊಂಡು, ಎರಡು ಫೇಸುಗಳ ನಡುವಿನ 400 ವೋಲ್ಟಿನಷ್ಟು ವಿದ್ಯುತ್ತು ಅವುಗಳ ನಡುವೆ ಹಂಚಿಹೋಗುತ್ತದೆ. ಹೆಚ್ಚು ಹೊರೆ ಇರುವ ಮನೆಯಲ್ಲಿ ಬಲ್ಬು ಮಂಕಾಗುತ್ತದೆ, ಕಡಿಮೆ ಹೊರೆ ಇರುವ ಮನೆಯಲ್ಲಿ 300 ವೋಲ್ಟ್ ದಾಟಿ ಟಿವಿ, ಫ್ರಿಜ್ಜು, ಮೊಬೈಲ್ ಚಾರ್ಜರುಗಳು ಸುಟ್ಟುಹೋಗುತ್ತವೆ. ನಮ್ಮೂರಿನಲ್ಲಿ ಇದಕ್ಕೆ ಸಿಡಿಲು ಬಡಿಯಿತು ಎನ್ನುವವರೇ ಹೆಚ್ಚು, ಆಕಾಶದಲ್ಲಿ ಗುಡುಗೇ ಇಲ್ಲದ ದಿನವೂ ಹಾಗೆಯೇ ಹೇಳುತ್ತಾರೆ. ಬಲ್ಬು ಎಂದಿಗಿಂತ ಪ್ರಖರವಾಗಿ ಉರಿದರೆ ಅಥವಾ ಒಂದು ದೀಪ ಮಂಕಾಗಿ ಇನ್ನೊಂದು ಉಜ್ವಲವಾಗಿ ಕಂಡರೆ, ಕಾರಣ ಹುಡುಕುತ್ತ ನಿಲ್ಲದೆ ಮೊದಲು ಮೇನ್ ಆರಿಸುವುದನ್ನು ಮಕ್ಕಳಿಗೂ ಕಲಿಸಿದ್ದೇನೆ. ವೋಲ್ಟೇಜು ಮಿತಿ ಮೀರಿದರೆ ತಾನಾಗಿಯೇ ಕಡಿದುಕೊಂಡು, ಸರಿಯಾದ ಮೇಲೆ ಕೆಲವು ನಿಮಿಷ ಕಾದು ಮತ್ತೆ ಸೇರಿಸುವ ಸಾಧನವೊಂದನ್ನು ಮೀಟರಿನ ನಂತರ ಕೂರಿಸಿದ್ದೇನೆ. ಆದರೂ ಕರೆಂಟು ಹೋದೊಡನೆ ಫ್ರಿಜ್ಜು, ಟಿವಿ, ಪಂಪುಗಳ ಪ್ಲಗ್ಗು ಕಿತ್ತು, ಒಂದು ಬಲ್ಬನ್ನು ಮಾತ್ರ ಮೇನ್ ಲೈನಿನಲ್ಲಿ ಹಚ್ಚಿಟ್ಟಿರುತ್ತೇವೆ. ಅದು ಒಂದೇ ಸಮನೆ ಹತ್ತು ನಿಮಿಷ ಉರಿದರೆ ಉಳಿದವುಗಳ ಸರದಿ ಬರುತ್ತದೆ. ಮೊದಲ ಗಳಿಗೆಯಲ್ಲಿ ಕರೆಂಟು ಬಂದು ಹೋಗಿ ಮಾಡುವುದು ನಮ್ಮ ಕಡೆ ಮಾಮೂಲು, ಅದನ್ನು ತಾಳಿಕೊಳ್ಳುವುದು ಕಂಪ್ರೆಸರಿಗೆ ಕಷ್ಟ.

ಅಡಿಕೆ ತೋಟದ ವಿಷಯ ಇನ್ನೂ ಗಂಭೀರವಾದದ್ದು. ಮಳೆಗಾಲವೇ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲ. ಈಚೆಗೆ ಮರ ಹತ್ತುವವರು ಸಿಗದೆ, ನೆಲದಿಂದಲೇ ಹೊಡೆಯಲು ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೋಲು) ಬಂದಿದೆ. ಹಗುರವೇನೋ ಹೌದು, ಆದರೆ ಕಾರ್ಬನ್ ಫೈಬರ್ ವಿದ್ಯುದ್ವಾಹಕ. ಬೆಳಗ್ಗೆ ಮನೆಯಲ್ಲಿ ಕರೆಂಟಿಲ್ಲವೆಂದು ತಂತಿಯ ಪಕ್ಕದ ಸಾಲಿನಲ್ಲಿ ದೋಟಿ ಎತ್ತುವವರನ್ನು ನಾನು ತಡೆದಿದ್ದೇನೆ. ನಮ್ಮ ಮನೆಯ ಫ್ಯೂಸು ಹೋಗಿರಬಹುದು, ಒಂದು ಫೇಸು ಮಾತ್ರ ಹೋಗಿರಬಹುದು, ತೋಟದ ಮೇಲಿನ ಲೈನು ಸ್ಟೇಷನ್ನಿನಿಂದ ಹೊರಡುವ ಬೇರೆ ಫೀಡರಿನದೇ ಇರಬಹುದು, ಅಥವಾ ದೂರದ ಸ್ಟೇಷನ್ನಿನಲ್ಲಿ ಯಾವ ಕ್ಷಣದಲ್ಲಾದರೂ ಲೈನಿಗೆ ಕರೆಂಟು ಬಿಟ್ಟು ನೋಡಬಹುದು. ತಂತಿಯ ಅಕ್ಕಪಕ್ಕದ ಸಾಲುಗಳಿಗೆ ನಮ್ಮಲ್ಲಿ ದೋಟಿ ಎತ್ತುವುದಿಲ್ಲ. ಲೈನ್‌ಮನ್ ಬಂದು ಲೈನು ಆಫ್ ಮಾಡಿಸಿಕೊಟ್ಟ ದಿನವೇ ಆ ಸಾಲುಗಳ ಕೆಲಸ. ನೆಲಕ್ಕೆ ಬಿದ್ದ ತಂತಿ ಕಂಡರೆ ದನಕರುಗಳನ್ನು ಅಟ್ಟಿ, ಕನಿಷ್ಠ ಮೂವತ್ತು ಅಡಿ ದೂರ ನಿಂತು, 1912ಕ್ಕೆ ಕರೆಮಾಡಿ ಹತ್ತಿರದ ಕಂಬದ ಅಥವಾ ಟಿಸಿಯ ಸಂಖ್ಯೆ ಹೇಳುತ್ತೇವೆ. ಆ ಸಂಖ್ಯೆಗಳನ್ನು ಬೇಸಿಗೆಯಲ್ಲೇ ಬರೆದು ಬಾಗಿಲ ಹಿಂದೆ ಅಂಟಿಸಿದ್ದೇನೆ. ಒದ್ದೆ ನೆಲದಲ್ಲಿ ವಿದ್ಯುತ್ತು ಹರಡಿಕೊಂಡಿರುವಾಗ ಎರಡು ಪಾದಗಳ ನಡುವೆಯೇ ವೋಲ್ಟೇಜಿನ ವ್ಯತ್ಯಾಸ ಉಂಟಾಗುವುದರಿಂದ, ತಿಳಿಯದೆ ಹತ್ತಿರ ಹೋಗಿಬಿಟ್ಟವರು ಪಾದಗಳನ್ನು ಜೋಡಿಸಿಕೊಂಡು, ನೆಲದಿಂದ ಎತ್ತದೆ, ಸ್ವಲ್ಪ ಸ್ವಲ್ಪವೇ ಜಾರಿಸುತ್ತ ಹಿಂದೆ ಸರಿಯಬೇಕು.

ಜನರೇಟರನ್ನು ಪಕ್ಕದ ಮನೆಯವರು ತಂದಾಗ ಅದನ್ನು ನೇರವಾಗಿ ಪ್ಲಗ್ಗಿಗೆ ಸಿಕ್ಕಿಸುವ ಮಾತು ಬಂದಿತ್ತು. ಹಾಗೆ ಮಾಡಿದರೆ ಆ ವಿದ್ಯುತ್ತು ಮೀಟರು ದಾಟಿ ಟಿಸಿಗೆ ಹಿಮ್ಮುಖವಾಗಿ ಹರಿದು, ಅಲ್ಲಿ ಹೆಚ್ಚು ವೋಲ್ಟೇಜಾಗಿ, ಕಂಬ ಹತ್ತಿದ ಲೈನ್‌ಮನ್ನನ ಕೈಗೆ ಬರುತ್ತದೆ. ಲೈನು, ಜನರೇಟರ್ ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಸೇರಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಬೇಡವೆಂದು ನಾನು ಹಟ ಹಿಡಿದೆ, ಅವರು ಹಾಕಿಸಿದರು. ಅದರ ಹೊಗೆಯಲ್ಲಿ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಇರುವುದರಿಂದ ಮಳೆ ಎಷ್ಟೇ ಜೋರಾಗಿದ್ದರೂ ಅದು ಮನೆಯೊಳಗೆ ಬರಬಾರದು. ಚಳಿಗೆಂದು ಕೆಂಡದ ಬಾಣಲೆಯನ್ನು ಕೋಣೆಯಲ್ಲಿಟ್ಟು ಬಾಗಿಲು ಹಾಕಿಕೊಳ್ಳುವುದಕ್ಕೂ ಇದೇ ಮಾತು.

ಅಡುಗೆಗೆ ತೊಂದರೆಯಿಲ್ಲ, ಒರಳುಕಲ್ಲು ಇದೆ. ನೀರು ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ತಾನಾಗಿಯೇ ಇಳಿದುಬರುತ್ತದೆ. ಬಾಗಿಲು ತೆರೆಯದಿದ್ದರೆ ಫ್ರಿಜ್ಜಿನ ತಂಪು ಸುಮಾರು ನಾಲ್ಕು ಗಂಟೆ ನಿಲ್ಲುತ್ತದೆ, ಆಮೇಲೆ ಮೊದಲು ಖಾಲಿಯಾಗಬೇಕಾದದ್ದು ಹಾಲು. ಅಮ್ಮನ ಇನ್ಸುಲಿನ್ ವಿಷಯದಲ್ಲಿ ಮಾತ್ರ ಜಾಗ್ರತೆ ಹೆಚ್ಚು: ಬಳಸುತ್ತಿರುವ ಬಾಟಲಿ ಮಳೆಗಾಲದ ತಣ್ಣನೆಯ ಕೋಣೆಯಲ್ಲಿ ಸುಮಾರು ನಾಲ್ಕು ವಾರ ಕೆಡುವುದಿಲ್ಲವೆಂದು ವೈದ್ಯರು ಹೇಳಿದ್ದಾರೆ, ತೆರೆಯದ ಬಾಟಲಿಗಳನ್ನು ಮಳೆಗಾಲದಲ್ಲಿ ಒಟ್ಟಿಗೆ ಹೆಚ್ಚು ತಂದಿಡದೆ, ಪೇಟೆಯ ಔಷಧಿ ಅಂಗಡಿಯಿಂದ ಬೇಕಾದಷ್ಟೇ ತರುತ್ತೇವೆ. ಮೊಬೈಲ್ ಟವರು ಕೂಡ ಕೆಲವು ಗಂಟೆಗಳಲ್ಲಿ ಸುಮ್ಮನಾಗುವುದರಿಂದ ಸುದ್ದಿಗೆ ಸೆಲ್ಲು ಹಾಕಿದ ರೇಡಿಯೋ ಇದೆ.

ಸೋಲಾರ್ ಹಾಕಿಸಿದರೆ ಇಷ್ಟೆಲ್ಲ ತಾಪತ್ರಯವೇ ಇರುವುದಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಚಾವಣಿಯ ಮೇಲೆ ಗ್ರಿಡ್ಡಿಗೆ ಜೋಡಿಸುವ ಸಾಮಾನ್ಯ ವ್ಯವಸ್ಥೆಯು ಲೈನಿನಲ್ಲಿ ಕರೆಂಟು ಹೋದೊಡನೆ, ಲೈನ್‌ಮನ್ನನ ಸುರಕ್ಷತೆಗಾಗಿಯೇ, ತಾನೂ ನಿಂತುಬಿಡುತ್ತದೆ. ಕಡಿತದಲ್ಲೂ ನಡೆಯಬೇಕಾದರೆ ಬ್ಯಾಟರಿಯುಳ್ಳ ಹೈಬ್ರಿಡ್ ಇನ್ವರ್ಟರ್ ಬೇಕು. ವಾರಗಟ್ಟಲೆ ಬಿಸಿಲು ಕಾಣದ ನಮ್ಮ ಜುಲೈಯಲ್ಲಿ ಆ ಬ್ಯಾಟರಿಯನ್ನು ತುಂಬುವುದೇ ಕಷ್ಟ. ಆದ್ದರಿಂದ ಅದನ್ನು ಸದ್ಯಕ್ಕೆ ಮುಂದೂಡಿ, ಆ ಹಣದಲ್ಲಿ ಹಿತ್ತಲಿನಲ್ಲಿ ಹೊಸ ಅರ್ಥಿಂಗ್ ಗುಂಡಿ ತೋಡಿಸಿ, ಕಂಬದಿಂದ ಮನೆಗೆ ಬರುವ ಹಳೆಯ ಸರ್ವಿಸ್ ವೈರನ್ನು ಬದಲಾಯಿಸಲು ಅರ್ಜಿ ಕೊಟ್ಟಿದ್ದೇನೆ.