ಎಡ-ಬಲ ಅಲನೈನ್ ಹರಳುಗಳಲ್ಲಿ ಪಾಸಿಟ್ರಾನ್ ಆಯುಷ್ಯ: ನನ್ನ ಅನುಭವ

ಹಾಸನದ ನಮ್ಮ ಕಾಲೇಜಿನಲ್ಲಿ ಅಲನೈನ್ ಎಂಬ ಅಮೈನೊ ಆಮ್ಲದ, ಕನ್ನಡಿಯ ಬಿಂಬಗಳಂತಿರುವ ಎಡ (ಎಲ್) ಮತ್ತು ಬಲ (ಡಿ) ರೂಪಗಳ ಹರಳುಗಳಲ್ಲಿ ಪಾಸಿಟ್ರಾನ್ ಆಯುಷ್ಯವನ್ನು, ಅಂದರೆ ಎಲೆಕ್ಟ್ರಾನಿನ ಪ್ರತಿಕಣವಾದ ಪಾಸಿಟ್ರಾನ್ ನಾಶವಾಗುವ ಮುನ್ನ ಉಳಿಯುವ ಕಾಲವನ್ನು, ಹೋಲಿಸಿ ನೋಡುತ್ತೇನೆಂದಾಗ, ಇಲ್ಲಿಯ ವಿದ್ಯುತ್ತನ್ನು ನಂಬಿಕೊಂಡು ಪಿಕೊಸೆಕೆಂಡ್ (ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗ) ಅಳೆಯಲು ಹೊರಟಿದ್ದೀರಾ ಎಂದು ಸಹೋದ್ಯೋಗಿಗಳು ನಕ್ಕಿದ್ದರು. ಮೊದಲ ಸುತ್ತಿನಲ್ಲಿಯೇ ಎಲ್ ಹರಳಿನ ಸರಾಸರಿ ಆಯುಷ್ಯ ಸುಮಾರು 15 ಪಿಕೊಸೆಕೆಂಡ್ ಹೆಚ್ಚು ಬಂದಿತು. ವಿಕಿರಣಶೀಲ ಸೋಡಿಯಂ-22ರಿಂದ ಹೊರಡುವ ಪಾಸಿಟ್ರಾನುಗಳ ಸ್ಪಿನ್ (ಕಣದ ಒಂದು ಬಗೆಯ ಸಹಜ ತಿರುಗುವಿಕೆ) ಚಲನೆಯ ದಿಕ್ಕಿಗೇ ವಾಲಿರುವುದರಿಂದ, ಅವು ಎಡ-ಬಲವನ್ನು ಗುರುತಿಸಿಯೇಬಿಟ್ಟವೆಂದು ನಾನು ಎರಡು ದಿನ ಹಿಗ್ಗಿದೆ. ಮೂರನೆಯ ದಿನ ಬೇರೊಂದು ಬೀಕರಿನ ಎಲ್ ಹರಳನ್ನು ಇಟ್ಟು ನೋಡಿದರೆ ಡಿ ಹರಳಿಗೂ ಅದಕ್ಕೂ ಅಂತರವೇ ಇರಲಿಲ್ಲ.

ತಪ್ಪು ನನ್ನ ಜಿಪುಣತನದಲ್ಲಿತ್ತು. ಡಿ ಪುಡಿ ಎಲ್‌ಗಿಂತ ಬಹಳ ದುಬಾರಿಯಾದ್ದರಿಂದ ಅದನ್ನು ಮೂರು ವಾರ ನಿಧಾನವಾಗಿ ತಣಿಸಿ ಬೆಳೆಸಿದ್ದೆ. ಮೊದಲ ಸುತ್ತಿನ ಅಗ್ಗದ ಎಲ್ ಹರಳನ್ನು ಎರಡು ದಿನದಲ್ಲಿ ಮುಗಿಸಿದ್ದೆ. ಅವಸರದ ಹರಳಿನೊಳಗೆ ದ್ರಾವಣದ ಹನಿಗಳು ಸಿಕ್ಕಿಕೊಂಡಿದ್ದವು. ಭೂತಗನ್ನಡಿಯಲ್ಲಿ ಅವು ಸಾಸಿವೆಗಿಂತ ಚಿಕ್ಕ ಗುಳ್ಳೆಗಳಂತೆ ಸಾಲಾಗಿ ಕಾಣುತ್ತಿದ್ದವು. ಆಯುಷ್ಯದ ರೇಖೆಯಲ್ಲಿ 1.8 ನ್ಯಾನೊಸೆಕೆಂಡ್ (1,800 ಪಿಕೊಸೆಕೆಂಡ್) ಆಸುಪಾಸಿನ ಉದ್ದನೆಯ ಬಾಲವಿತ್ತು. ಅದು ನೀರಿನಲ್ಲಿರುವ ಆರ್ಥೊ-ಪಾಸಿಟ್ರೋನಿಯಂನ (ಪಾಸಿಟ್ರಾನ್ ಒಂದು ಎಲೆಕ್ಟ್ರಾನಿನೊಡನೆ ಜೋಡಿಯಾಗಿ ಹೆಚ್ಚು ಹೊತ್ತು ಉಳಿಯುವ ಸ್ಥಿತಿ) ಗುರುತು ಎಂಬುದು ನನಗೆ ಮೊದಲೇ ಹೊಳೆಯಬೇಕಿತ್ತು.

ಮುಂದೆ ಎರಡೂ ಬೀಕರುಗಳನ್ನು ಒಂದೇ ನೀರಿನ ತೊಟ್ಟಿಯಲ್ಲಿಟ್ಟು, ದಿನಕ್ಕೆ ಅರ್ಧ ಡಿಗ್ರಿಯಂತೆ ತಣಿಸಿದೆ. ಬೀಜದ ಹರಳನ್ನು ಹೇಗೆ ತೂಗುಹಾಕಿದೆನೆಂಬುದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ನಡುವೆ ಡಿ ಪುಡಿಯ ಹೊಸ ಬಾಟಲಿಯೊಂದು ಪೋಲಾರಿಮೀಟರಿನಲ್ಲಿ (ವಸ್ತು ಧ್ರುವೀಕೃತ ಬೆಳಕನ್ನು ಎಷ್ಟು ತಿರುಗಿಸುತ್ತದೆಂದು ಅಳೆಯುವ ಸಾಧನ) ಇರಬೇಕಾದ 14.5 ಡಿಗ್ರಿಯ ಬದಲು 11ರ ಸುಮಾರಿಗೆ ನಿಂತಿತು, ಅಂದರೆ ಅದು ಶುದ್ಧ ಡಿ ಆಗಿರಲಿಲ್ಲ; ಮಾರಿದವರು ಹಣವನ್ನೂ ಕೊಡಲಿಲ್ಲ, ಬದಲಿ ಬಾಟಲಿಯನ್ನೂ ಕಳಿಸಲಿಲ್ಲ. ಒಟ್ಟು ನಲವತ್ತು ಸಾವಿರದಷ್ಟು ಕೈಯಿಂದ ಹೋಯಿತು.

ಕಾಯುವ ದಿನಗಳಲ್ಲಿ ಸೋಡಿಯಂ ಕ್ಲೋರೇಟ್ ಹರಳುಗಳನ್ನೂ ಬೆಳೆಸಿದೆ. ಅದರ ದ್ರಾವಣಕ್ಕೆ ಎಡ-ಬಲವೆಂಬುದಿಲ್ಲ, ಹರಳಿಗೆ ಮಾತ್ರ ಇದೆ; ಕಲಕುತ್ತ ಬೆಳೆಸಿದರೆ ಹೆಚ್ಚುಕಡಿಮೆ ಎಲ್ಲವೂ ಒಂದೇ ಕೈಯವಾಗುತ್ತವೆಂದು (ಎಲ್ಲ ಎಡ ಇಲ್ಲವೆ ಎಲ್ಲ ಬಲ) ರಸಾಯನವಿಜ್ಞಾನಿ ಕೊಂಡೆಪುಡಿ ಮತ್ತು ಸಂಗಡಿಗರು 1990ರಲ್ಲಿ ತೋರಿಸಿದ್ದು ನನ್ನ ಬೀಕರಿನಲ್ಲಿಯೂ ನಡೆಯಿತು. ಎಡ-ಬಲ ಕಣ್ಣಿಗೆ ಕಾಣುವಂತೆ, ಬೆಳಕನ್ನು ಧ್ರುವೀಕರಿಸುವ ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಅವನ್ನಿಟ್ಟು ವಿದ್ಯಾರ್ಥಿಗಳಿಗೆ ತೋರಿಸಿದಾಗ ಆದ ಸಂತೋಷವೇ ಬೇರೆ.

ಅಳತೆಯನ್ನು ರಾತ್ರಿ ಮಾತ್ರ, ಯುಪಿಎಸ್ ಮೇಲೆ, ಎಲ್-ಡಿ-ಡಿ-ಎಲ್ ಸರದಿಯಲ್ಲಿ ಮಾಡಿದೆ. ಕೋಣೆಯ ಉಷ್ಣತೆ ಜಾರಿದರೂ ಎರಡಕ್ಕೂ ಸಮವಾಗಿ ತಗಲುತ್ತಿತ್ತು. ಯಾವ ಪೊಟ್ಟಣ ಯಾವುದೆಂದು, ನಕ್ಕಿದ್ದ ಸಹೋದ್ಯೋಗಿಯೊಬ್ಬರಿಗೆ ಮಾತ್ರ ಗೊತ್ತಿತ್ತು. ಹನ್ನೊಂದು ರಾತ್ರಿಗಳ ನಂತರ ಅವರು ಚೀಟಿ ಬಿಚ್ಚಿದಾಗ, ಎರಡರ ನಡುವಿನ ಅಂತರ ಒಂದೆರಡು ಪಿಕೊಸೆಕೆಂಡಿನೊಳಗೇ, ಅಂದರೆ ನನ್ನ ಅಳತೆಯ ದೋಷದೊಳಗೇ ಇತ್ತು. ಅಷ್ಟಕ್ಕೆ ಅವರು ಒಪ್ಪಲಿಲ್ಲವಾದ್ದರಿಂದ, ಮನಸ್ಸು ಗಟ್ಟಿ ಮಾಡಿಕೊಂಡು ಉಳಿದ ಡಿ ಪುಡಿಯನ್ನೂ ಎರಡೇ ದಿನದಲ್ಲಿ ತಣಿಸಿ ಬೆಳೆಸಿದೆ. ಆ 15 ಪಿಕೊಸೆಕೆಂಡ್ ಈ ಸಲ ಡಿ ಕಡೆಗೆ ಬಂದು ಕೂತಿತು.