ಸೆರಗಿನ ಗೊಂಡೆ ಕೊರಳಿಗೆ ಬಂತು

ಹಾವೇರಿಯಲ್ಲಿ ಮನೆಯಲ್ಲೇ ಕೂತು ಸೀರೆ ಸೆರಗಿಗೆ ಕ್ರೋಶಾ, ಅಂದರೆ ಕೊಕ್ಕೆ ಸೂಜಿಯ ಹೆಣಿಗೆ, ಹಾಕಿ ಗೊಂಡೆ ಕಟ್ಟಿಕೊಡುವುದು ನನ್ನ ಕೆಲಸ. ಮದುವೆ ಸೀಜನ್‌ನಲ್ಲಿ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಆಷಾಢ ಬಂತೆಂದರೆ ಕೈ ಖಾಲಿ. ಹೋದ ಆಷಾಢದಲ್ಲಿ ಒಬ್ಬ ಕಾಲೇಜು ಹುಡುಗಿ ತನ್ನ ಅಕ್ಕನ ಸೀರೆ ಒಯ್ಯಲು ಬಂದಳು. ಸೆರಗಿನ ತುದಿ ಎತ್ತಿ ಕುತ್ತಿಗೆಗೆ ಹಿಡಿದುಕೊಂಡು ಕನ್ನಡಿ ಮುಂದೆ ನಿಂತಳು. "ಅಕ್ಕಾರ, ಇದನ್ನಷ್ಟ ಕೊಳ್ಳಾಗ ಹಾಕ್ಕೊಳ್ಳೂ ಹಂಗ ಮಾಡಿಕೊಡ್ತೀರೇನ?"

ಸೀರೆಗೆ ಹನ್ನೆರಡು ವರ್ಷದಿಂದ ಹಾಕುತ್ತಿದ್ದೇನೆ, ಇದೇನು ಮಹಾ ಅಂದುಕೊಂಡು ಹೂಂ ಅಂದೆ. ಆ ಹುಡುಗಿಗೆ ಸರ ಸಿಕ್ಕಿದ್ದು ಗಣೇಶ ಚೌತಿ ಮುಗಿದ ಮೇಲೆ.

ಮೊದಲನೆಯದು ಈಗಲೂ ನನ್ನ ಟ್ರಂಕಿನಲ್ಲಿದೆ. ಸೆರಗಿಗೆ ಹಾಕುವ ಹಾಗೆಯೇ ಉದ್ದಕ್ಕೆ ಚೈನ್ (ಕುಣಿಕೆಯೊಳಗಿಂದ ಕುಣಿಕೆ ಎಳೆದ ಸರಪಳಿ) ಹಾಕಿ, ಅದರ ಮೇಲೆ ಮೂರು ಸಾಲು ಕಮಾನು, ಅಂದರೆ ಬಿಲ್ಲಿನಂತೆ ಬಾಗಿದ ಚೈನಿನ ತುಂಡು, ಹಾಕಿದ್ದೆ. ಎಲ್ಲ ಸಾಲಿಗೂ ಐದೈದು ಚೈನಿನ ಕಮಾನು. ಚಾಪೆ ಮೇಲೆ ಹರಡಿದರೆ ಬಹಳ ಚೆಂದ. ಕೊರಳಿಗೆ ಕಟ್ಟಿದರೆ ಕೆಳಗಿನ ಅಂಚು ಬಿಗಿದುಕೊಂಡಿತು, ಮೇಲಿನದು ಸುಕ್ಕುಗಟ್ಟಿ ಮಡಚಿಕೊಂಡಿತು. ಎಷ್ಟು ಎಳೆದು ಕೂರಿಸಿದರೂ ಮತ್ತೆ ಮಡಚುತ್ತಿತ್ತು. ಎರಡು ದಿನ ನನ್ನ ಕೈಯನ್ನೇ ಬೈದುಕೊಂಡೆ. ಆಮೇಲೆ ಹೊಳೆಯಿತು. ಸೆರಗು ನೇರ, ಕೊರಳು ದುಂಡಗೆ. ಬಳೆಯ ಒಳಸುತ್ತಿಗಿಂತ ಹೊರಸುತ್ತು ದೊಡ್ಡದು, ಅಲ್ವಾ? ಹಾಗೆಯೇ ಸರವೂ ಕೆಳಗೆ ಇಳಿದಂತೆ ಅಗಲವಾಗಬೇಕು. ಸೀರೆಯಲ್ಲಿ ಈ ಪ್ರಶ್ನೆಯೇ ಬರುವುದಿಲ್ಲ. ಹಾಗಾಗಿ ಹನ್ನೆರಡು ವರ್ಷದ ಅಭ್ಯಾಸವೇ ನನಗೆ ಅಡ್ಡ ಬಂದಿತ್ತು.

ಪರಿಹಾರ ತೀರ ಸರಳ. ಮೊದಲ ಸಾಲಿನ ಕಮಾನಿಗೆ 5 ಚೈನ್, ಎರಡನೆಯದಕ್ಕೆ 6, ಮೂರನೆಯದಕ್ಕೆ 7. ಅಷ್ಟೇ. ಸರ ತಾನಾಗಿಯೇ ಬಾಗಿ ಕೊರಳ ಸುತ್ತ ಮಲಗಿತು.

ಆದರೆ ಎರಡನೆಯ ಸರಕ್ಕೆ ನಡುವೇ ಇರಲಿಲ್ಲ! ಕೊನೆಯ ಸಾಲಿನಲ್ಲಿ 22 ಕಮಾನು ಬಂದಿದ್ದವು. ದೊಡ್ಡ ಗೊಂಡೆ ಕಟ್ಟಲು ಹೋದರೆ ಸರಿಯಾಗಿ ನಡುವೆ ಒಂದು ಕಮಾನು ಬೇಕಲ್ಲ? ಸೆರಗಿನಲ್ಲಿ ನಡುವನ್ನು ಯಾರು ಹುಡುಕುತ್ತಾರೆ! 2023ರ ಜನವರಿಯಲ್ಲಿ ನಮ್ಮೂರಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಡೆಯಿತು. ಆಗಿನಿಂದ ನಮ್ಮ ಏಲಕ್ಕಿ ಹಾರಗಳನ್ನು ನಾನು ಕಣ್ಣಿಟ್ಟು ನೋಡುತ್ತೇನೆ. ಅದರಲ್ಲೂ ಎರಡು ಕಡೆಯ ಎಳೆ ಬಂದು ಒಂದೇ ಕಡೆ ಕೂಡುತ್ತದೆ, ಅಲ್ಲಿಂದ ಪದಕ ಇಳಿಯುತ್ತದೆ. ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಹಾರಕ್ಕಾಗಲಿ ಸರಕ್ಕಾಗಲಿ ನಡು ತಪ್ಪಿದರೆ ಹಾಕಿಕೊಂಡವರೇ ವಾಲಿದಂತೆ ಕಾಣುತ್ತಾರೆ.

ಕೂತು ಲೆಕ್ಕ ಹಾಕಿದೆ. ಮೊದಲ ಅಡ್ಡಸಾಲಿಗೆ 101 ಹೊಲಿಗೆ ಬೇಕು. ಮುಯ್ಯಿ ಬರೆಸುವ ಲೆಕ್ಕವೇ, ಹಾಗಾಗಿ ಮರೆಯುವುದಿಲ್ಲ. ಇದಕ್ಕೆ ಚೈನ್ 102 ಹಾಕಬೇಕು, ಹೆಚ್ಚಿನ ಒಂದು ಸಾಲಿನ ತುದಿಯಲ್ಲಿ ತಿರುಗಲು. 101 ಹೊಲಿಗೆಯ ಮೇಲೆ ಮೂರು ಬಿಟ್ಟು ನಾಲ್ಕನೆಯದಕ್ಕೆ ಸಿಕ್ಕಿಸುತ್ತ ಹೋದರೆ 25 ಕಮಾನು. ಮುಂದಿನ ಸಾಲನ್ನು ಮೊದಲ ಕಮಾನಿನ ನಡುವಿನಿಂದ ಶುರು ಮಾಡಿದರೆ 24. ಅದರ ಮುಂದಿನದು 23. ಆಗ 12ನೆಯ ಕಮಾನು ಸರಿಯಾಗಿ ನಡುವೆ. ಗೊಂಡೆಗಳನ್ನು 3, 6, 9, 12, 15, 18, 21ನೇ ಕಮಾನಿಗೆ ಕಟ್ಟಿದೆ. ಎರಡೂ ಕಡೆ ಮೂರು ಮೂರು, ನಡುವೆ ಒಂದು. ಇದನ್ನು ಬರೆದ ಚೀಟಿಯನ್ನು ಅತ್ತೆ ಕಸದ ಜೊತೆ ಗುಡಿಸಿ ಹಾಕಿದ್ದರು. ಆಮೇಲೆ ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಟ್ಟೆ.

ಇಲ್ಲಿ ಹೊಲಿಗೆ ಎಂದಿದ್ದು ಚಿಕ್ಕ ಹೊಲಿಗೆ. ವಿಡಿಯೊ ನೋಡಿ ಕಲಿಯುವವರು ಒಂದು ವಿಷಯ ತಿಳಿದಿರಬೇಕು. ಈ ಚಿಕ್ಕ ಹೊಲಿಗೆಯನ್ನು ಅಮೆರಿಕದವರು ಸಿಂಗಲ್ ಕ್ರೋಶಾ ಎಂದರೆ ಬ್ರಿಟನ್ನಿನವರು ಡಬಲ್ ಕ್ರೋಶಾ ಎನ್ನುತ್ತಾರೆ. ಹೆಸರು ನಂಬಬೇಡಿ, ಕೈ ನೋಡಿ. ನಂಬರುಗಳೂ ಹೀಗೇ ಕಾಡುತ್ತವೆ. ದಾರದ ನಂಬರ್ ಜಾಸ್ತಿಯಾದಷ್ಟೂ ದಾರ ಸಣ್ಣ. ಮಣಿಯದೂ ಹಾಗೆಯೇ: 11 ನಂಬರಿನದು ಸುಮಾರು 2 ಮಿಲಿಮೀಟರ್, 6 ನಂಬರಿನದು ಸುಮಾರು 4. ಸೂಜಿಯನ್ನು ಮಾತ್ರ ಮಿಲಿಮೀಟರಿನಲ್ಲೇ ಕೇಳಿ, ಗೊಂದಲ ಇರುವುದಿಲ್ಲ. ನಾನು 20ನೇ ನಂಬರಿನ ಹತ್ತಿ ದಾರಕ್ಕೆ 1.25 ಮಿಲಿಮೀಟರ್ ಸೂಜಿ ಹಿಡಿಯುತ್ತೇನೆ. ನನ್ನ ಕೈಯಲ್ಲಿ ಒಂದು ಇಂಚಿಗೆ 11 ಹೊಲಿಗೆ ಕೂರುತ್ತದೆ. ಅಂದರೆ ಮುಂಭಾಗ ಒಂಬತ್ತು ಇಂಚಿನ ಮೇಲೆ ಸ್ವಲ್ಪ. ನಿಮ್ಮ ಕೈ ಸಡಿಲವಿದ್ದರೆ ಮೊದಲು ಎರಡಿಂಚು ಹಾಕಿ ಅಳೆದುಕೊಳ್ಳಿ.

ಮಣಿಯ ವಿಷಯಕ್ಕೆ ಬರುತ್ತೇನೆ. ಸೆರಗಿಗಾದರೆ ನಾನು ಮಣಿಯನ್ನು ಆಮೇಲೆ ಹೊಲಿಯುತ್ತೇನೆ. ಸರಕ್ಕೆ ಅದು ಆಗುವುದಿಲ್ಲ. ಹಿಂದೆ ಗಂಟು ಕಾಣುತ್ತದೆ, ಚರ್ಮಕ್ಕೆ ಚುಚ್ಚುತ್ತದೆ. ಹಾಗಾಗಿ ಕೊನೆಯ ಸಾಲಿಗೆ ಮೊದಲೇ ಮಣಿ ಪೋಣಿಸಿಕೊಂಡ ದಾರವನ್ನು ಹೊಸದಾಗಿ ಸೇರಿಸುತ್ತೇನೆ. ದಾರದ ತುದಿಗೆ ಉಗುರು ಬಣ್ಣ ಹಚ್ಚಿ, ಒಣಗಿದ ಮೇಲೆ ಓರೆಯಾಗಿ ಕತ್ತರಿಸಿದರೆ ಅದೇ ಸೂಜಿಯಂತೆ ತೂತಿನಲ್ಲಿ ಹೋಗುತ್ತದೆ. 23 ಬೇಕಿದ್ದರೆ 25 ಪೋಣಿಸಿ. ನಡುವೆ ಒಂದು ಒಡೆದರೆ ಇಡೀ ಸಾಲು ಬಿಚ್ಚಬೇಕಾಗುತ್ತದೆ. ಮೂರು ಚೈನ್ ಹಾಕುವುದು, ಮಣಿಯನ್ನು ಸೂಜಿಯ ಹತ್ತಿರಕ್ಕೆ ಸರಿಸುವುದು, ಅದನ್ನು ಹಿಡಿದು ಒಂದು ಚೈನ್, ಮತ್ತೆ ಮೂರು. ಅಲ್ಲಿಗೆ ಏಳಾಯಿತು. ಮಣಿ ಯಾವಾಗಲೂ ಕೆಲಸದ ಹಿಂಬದಿಗೆ ಬೀಳುತ್ತದೆ. ಮೊದಲ ಸಲ ನನಗೆ ಗಾಬರಿಯಾಗಿತ್ತು. ಮಣಿಯ ಸಾಲು ಹಾಕುವಾಗ ಸರದ ಉಲ್ಟಾ ಬದಿ ನಿಮ್ಮ ಕಡೆ ಇರಲಿ, ಆಗ ಸುಲ್ಟಾ ಬದಿಗೆ ಮಣಿ ಬರುತ್ತದೆ.

ಮೂರನೆಯ ಸರಕ್ಕೆ ಹುಬ್ಬಳ್ಳಿಗೆ ಹೋಗಿದ್ದೆ. ದುರ್ಗದ ಬೈಲಿನಲ್ಲಿ ಸುತ್ತಾಡಿ ಗಾಜಿನ ದಪ್ಪ ಮಣಿ ತಂದೆ. ಹೊಳಪೇನೋ ಹೊಳಪು. ಆದರೆ ಭಾರಕ್ಕೆ ಕಮಾನುಗಳು ಜೋತು ಬಿದ್ದು, ಬಲೆಯಲ್ಲಿ ಗೋಲಿ ಸಿಕ್ಕಂತೆ ಕಂಡವು. ಈಗ 4 ಮಿಲಿಮೀಟರಿನ, ಮುತ್ತಿನಂಥ ಪ್ಲಾಸ್ಟಿಕ್ ಮಣಿಯನ್ನೇ ಹಾಕುತ್ತೇನೆ. ಪ್ಲಾಸ್ಟಿಕ್ ಎಂದು ಮೂಗು ಮುರಿಯುವವರಿಗೆ ಸರವನ್ನು ಕೈಗೆ ಕೊಟ್ಟು ತೂಗಿ ನೋಡಿ ಅನ್ನುತ್ತೇನೆ.

ಅದೇ ಮೂರನೆಯ ಸರ ಇನ್ನೂ ಎರಡು ಪಾಠ ಕಲಿಸಿತು. ಬಿಳಿ ಹತ್ತಿ ದಾರದ ಸರಕ್ಕೆ ಬ್ಯಾಡಗಿ ಮೆಣಸಿನಕಾಯಿ ಬಣ್ಣದ ರೇಷ್ಮೆ ಗೊಂಡೆ ಕಟ್ಟಿ, ಗಂಜಿಯಲ್ಲಿ ಅದ್ದಿದೆ. ಅರ್ಧ ಸರ ಗುಲಾಬಿಯಾಯಿತು. ನಾವು ರೇಷ್ಮೆ ದಾರ ಎಂದು ಕೊಳ್ಳುವ ಉಂಡೆಗಳಲ್ಲಿ ಹೆಚ್ಚಿನವು ರೇಷ್ಮೆಯೇ ಅಲ್ಲ, ಕೆಂಪು ಬಣ್ಣ ನೀರು ಕಂಡರೆ ಸಾಕು ಬಿಡುತ್ತದೆ. ಜೊತೆಗೆ, ಒಣಗಲು ಚುಚ್ಚಿದ್ದ ಗುಂಡುಸೂಜಿಗಳು ತುಕ್ಕಿನ ಚುಕ್ಕೆ ಉಳಿಸಿದವು. ಅತ್ತೆ ನೋಡಿ, "ಸಿಡುಬು ಎದ್ದಂಗ ಆಗೇತಲ್ಲ" ಅಂದರು.

ಈಗ ಗಂಜಿ ಮೊದಲು, ಗೊಂಡೆ ಆಮೇಲೆ. ಸಾಬೂದಾಣಿಯ ತೆಳು ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ಕೆಳಗಿನ ಎರಡು ಸಾಲಿಗೆ ಮಾತ್ರ ಬೆರಳಿನಿಂದ ಸವರುತ್ತೇನೆ. ಕೊರಳಿಗೆ ತಾಗುವ ಅಂಚಿಗೆ ಬೇಡ. ಬೆವರಿಗೆ ಅಂಟಂಟಾಗುತ್ತದೆ. ನಮ್ಮ ಓಣಿಯ ಟೇಲರ್ ವೈನಿ ಹತ್ತಿರ ರೌಂಡ್ ನೆಕ್ ಬ್ಲೌಸಿನ ಕಾಗದ ಇಸಕೊಂಡು ಬಂದಿದ್ದೇನೆ. ದಪ್ಪ ಟವೆಲ್ ಮೇಲೆ ಆ ಕಾಗದ ಇಟ್ಟು ಸುತ್ತ ಗೆರೆ ಎಳೆದು, ಆ ಗೆರೆಗೆ ಸರದ ಒಳ ಅಂಚು ಹೊಂದಿಸಿ, ಒಂದೊಂದು ಕಮಾನನ್ನೂ ಎಳೆದು ತುಕ್ಕು ಹಿಡಿಯದ ಪಿನ್ ಚುಚ್ಚಿ ರಾತ್ರಿ ಬಿಡುತ್ತೇನೆ. ಬೆಳಿಗ್ಗೆ ಎತ್ತಿದರೆ ಮುದುರಿದ್ದ ಬಲೆ ಲೇಸಾಗಿರುತ್ತದೆ. ಇಡೀ ಕೆಲಸದಲ್ಲಿ ನನಗೆ ಅತಿ ಖುಷಿ ಕೊಡುವ ಹೊತ್ತು ಅದು.

ಗೊಂಡೆ ಕಟ್ಟುವುದು ನನಗೆ ಕಣ್ಣು ಮುಚ್ಚಿಯೂ ಬರುತ್ತದೆ, ಆದರೆ ಇಲ್ಲಿ ಅಳತೆ ಬೇರೆ. ಬದಿಯವಕ್ಕೆ ಒಂದೂಕಾಲು ಇಂಚು, ನಡುವಿನದಕ್ಕೆ ಎರಡು. ರಟ್ಟಿಗೆ 40 ಸುತ್ತು ಸುತ್ತಿ, ಮೇಲೆ ಗಂಟು ಹಾಕಿ, ಕೆಳಗೆ ಕತ್ತರಿಸಿ, ಕುತ್ತಿಗೆಯ ಜಾಗದಲ್ಲಿ ಜರಿ ದಾರ ಬಿಗಿಯುತ್ತೇನೆ. ಎಳೆಗಳು ಸೊಟ್ಟಗಿದ್ದರೆ ಇಡ್ಲಿ ಪಾತ್ರೆಯ ಹಬೆಗೆ ಒಂದು ಕ್ಷಣ ಹಿಡಿಯಿರಿ, ನೆಟ್ಟಗಾಗುತ್ತವೆ. ತುದಿ ಸಮ ಮಾಡಲು ಗೊಂಡೆಗೆ ಬಿಗಿಯಾಗಿ ಕಾಗದ ಸುತ್ತಿ, ಕಾಗದದ ಸಮೇತ ಕತ್ತರಿಸಬೇಕು. ಹಾಗೆಯೇ ಕಣ್ಣಳತೆಯಲ್ಲಿ ಕತ್ತರಿಸಲು ಹೋದರೆ ಒಂದು ಕಡೆ ಗಿಡ್ಡ, ಸರಿಮಾಡಲು ಇನ್ನೊಂದು ಕಡೆ ಕತ್ತರಿ, ಕೊನೆಗೆ ಹಲ್ಲುಜ್ಜುವ ಬ್ರಷ್ ಉಳಿಯುತ್ತದೆ.

ಹಿಂದೆ ಕಟ್ಟಿಕೊಳ್ಳಲು ಎರಡೂ ಬದಿಗೆ ನಾಲ್ಕಿಂಚಿನ ಹುರಿ. ಬರೀ ಚೈನ್ ಜಗ್ಗಿ ಉದ್ದವಾಗುತ್ತದೆ, ಅದಕ್ಕೆ ಚೈನಿನ ಮೇಲೆಯೇ ಸ್ಲಿಪ್ ಹೊಲಿಗೆ (ದಾರವನ್ನು ಕುಣಿಕೆಗಳಿಂದ ಒಂದೇ ಸಲ ಎಳೆದುಬಿಡುವ ಹೊಲಿಗೆ) ಹಾಕುತ್ತ ವಾಪಸ್ ಬರುತ್ತೇನೆ. ಒಂದು ತುದಿಗೆ ದಪ್ಪ ಮಣಿ, ಇನ್ನೊಂದಕ್ಕೆ ಒಂದರ ಹಿಂದೆ ಒಂದು ಮೂರು ಕುಣಿಕೆ. ತೆಳ್ಳಗಿದ್ದವರಿಗೂ ದಪ್ಪಗಿದ್ದವರಿಗೂ ಆಗುತ್ತದೆ.

ಒಂದು ಸರಕ್ಕೆ ನನಗೆ ಒಂಬತ್ತು ತಾಸು ಹಿಡಿಯುತ್ತದೆ. ಆ ಹುಡುಗಿ ಹಾಕಿಕೊಂಡು ಹೋದ ಮೇಲೆ ಅವಳ ಗೆಳತಿಯರಿಂದ ಐದು ಆರ್ಡರ್ ಬಂದವು. ಒಬ್ಬಳು ಮಾತ್ರ, "ನಮ್ಮೂರಿಂದು ಅಂತ ಗೊತ್ತಾಗಬೇಕ್ರಿ, ಗೊಂಡೆ ಮ್ಯಾಲೆ ಮಣಿ ಬದಲಿ ಏಲಕ್ಕಿ ಹಾಕ್ರಿ" ಅಂದಳು. ಒಳ್ಳೆಯ ಹಸಿರು, ದಪ್ಪ ಕಾಯಿ ಆರಿಸಿ ತಂದೆ. ಏಲಕ್ಕಿಗೆ ಒಳಗೆ ಮೂರು ಮನೆ. ಸೂಜಿ ಹಾಕಿ ದಾರ ಬಿಗಿದ ತಕ್ಷಣ ಸಂದಿ ಹಿಡಿದು ಬಾಯಿ ಬಿಡುತ್ತದೆ. ಹಾರ ಮಾಡುವವರ ಕೈ ನನಗಿಲ್ಲ. ಹನ್ನೊಂದು ಕಾಯಿ ಒಡೆದವು. ಆ ವಾರವೆಲ್ಲ ನಮ್ಮ ಮನೆ ಚಹಾಕ್ಕೆ ಏಲಕ್ಕಿ ಬಹಳ ಜೋರಿತ್ತು.